ಪೇಟೆಯ ಬಾಯಿರುಚಿ: ಗಡ್‌ಬಡ್‌ನಿಂದ ಕುಲುಕ್ಕಿಯವರೆಗೆ

ಶಾಲೆಗಳಿಗೆ ರಜೆ ಸಿಕ್ಕಿತೆಂದರೆ ನಮ್ಮ ಜಿಲ್ಲೆಯ ಕನ್ನಡ ಮನೆಗಳಲ್ಲಿ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ಒಂದು ಮಂಗಳೂರು ಪಕ್ಷ, ಇನ್ನೊಂದು ಕಲ್ಲಿಕೋಟೆ ಪಕ್ಷ. ಕಾಸರಗೋಡಿನಿಂದ ಬಡಗು ದಿಕ್ಕಿನ ಗಾಡಿ ಹತ್ತಿದರೆ ಐವತ್ತು ಕಿಲೋಮೀಟರಿನೊಳಗೆ ಮಂಗಳೂರು; ತೆಂಕಲಾಗಿ ಹೊರಟರೆ ಸುಮಾರು 175 ಕಿಲೋಮೀಟರಿಗೆ ಕಲ್ಲಿಕೋಟೆ. ಬಟ್ಟೆ ಖರೀದಿ, ಆಸ್ಪತ್ರೆ, ನೆಂಟರ ಮನೆಯ ಮದುವೆ ಎಂದು ಹಿರಿಯರು ಏನೇ ಕಾರಣ ಹೇಳಲಿ, ಮಕ್ಕಳ ಕಣ್ಣು ನೆಟ್ಟಿರುವುದು ತಿಂಡಿ ಅಂಗಡಿಯ ಮೇಲೆಯೇ. ಹಿಂದಿನ ಕಾಲದಲ್ಲಿ ಇಂಥ ಪ್ರಯಾಣಕ್ಕೆ ಒಂದು ಮಸಾಲೆದೋಸೆಯೂ ಅರ್ಧ ಗ್ಲಾಸು ಕಾಫಿಯೂ ಸಾಕಾಗಿತ್ತು. ಈಗ ಫಲೂದ ಬೇಕು, ಅವಿಲ್ ಮಿಲ್ಕ್ ಬೇಕು, ನೂಡಲ್ಸ್ ಬೇಕು, ಹಸಿಮೆಣಸು ಹಾಕಿದ ಸರಬತ್ತೂ ಬೇಕು.

ಈ ಬಾರಿಯ ರಜೆಯಲ್ಲಿ ನಾವು ಎರಡೂ ಪಕ್ಷಗಳಿಗೆ ಸೇರಿಕೊಂಡು ಎರಡೂ ಊರುಗಳಲ್ಲಿ ತಿಂದು ಕುಡಿದು ಬಂದೆವು. (ಕುಡಿದದ್ದು ಸರಬತ್ತು ಎಂಬುದನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು.) ಹೋದಲ್ಲೆಲ್ಲ ನಮ್ಮ ಗಮನಕ್ಕೆ ಬಂದ ಸಂಗತಿಯೊಂದಿದೆ. ನಮ್ಮವರು ಅಂಗಡಿಯಲ್ಲಿ ಕುಳಿತರೆ ಕೇಳುವುದಿಲ್ಲ. ಮಂಗಳೂರಿನಲ್ಲಿ ಹಳ್ಳಿಯವರೆಂದುಕೊಂಡಾರು ಎಂಬ ಸಂಕೋಚ. ಕಲ್ಲಿಕೋಟೆಯಲ್ಲಿ ನಮ್ಮ ಮಲೆಯಾಳ ಕೇಳಿ ನಕ್ಕಾರು ಎಂಬ ಅಳುಕು. ಇದೆಂತದು, ಇದರಲ್ಲಿ ಏನೇನು ಹಾಕಿದ್ದಾರೆ, ಇದಕ್ಕೆಷ್ಟು ಎಂಬ ಮೂರು ಮಾತುಗಳನ್ನು ನುಂಗಿಕೊಂಡು ಮಾಣಿ ತಂದಿಟ್ಟದ್ದನ್ನು ತಿಂದು ಏಳುತ್ತಾರೆ. ದೋಸೆ ಇಡ್ಲಿಗಳ ಕಾಲದಲ್ಲಿ ಇದರಿಂದ ದೊಡ್ಡ ನಷ್ಟವೇನೂ ಇರಲಿಲ್ಲ. ಈಗಿನ ತಿಂಡಿಗಳ ಸಂಗತಿ ಬೇರೆ.

ಮೊದಲು ಗಡ್‌ಬಡ್. ಹೆಸರೇ ಹೇಳುವಂತೆ ಇದೊಂದು ಗಡಿಬಿಡಿಯ ಸೃಷ್ಟಿ. ಉಡುಪಿಯ ಡಯಾನಾ ಹೋಟೆಲಿನಲ್ಲಿ ಹುಟ್ಟಿತೆಂದೂ, ಒಂದೇ ಬಗೆಯ ಐಸ್‌ಕ್ರೀಂ ಸಾಲದೆ ಬಂದಾಗ ಇದ್ದಬದ್ದದ್ದನ್ನೆಲ್ಲ ಒಂದೇ ಗ್ಲಾಸಿಗೆ ತುಂಬಿ ಕೊಟ್ಟರೆಂದೂ ಕರಾವಳಿಯಲ್ಲಿ ಹೇಳುವುದುಂಟು. ಅದಕ್ಕೆ ಊರೂರಿನಲ್ಲಿ ಹೆಸರು ತಂದುಕೊಟ್ಟವರಲ್ಲಿ ಮಂಗಳೂರಿನ ಐಡಿಯಲ್ ಐಸ್‌ಕ್ರೀಂನವರು ಮುಖ್ಯರು. ಎಸ್. ಪ್ರಭಾಕರ ಕಾಮತರು 1975ರಲ್ಲಿ ಮಾರ್ಕೆಟ್ ರಸ್ತೆಯಲ್ಲಿ ತೆರೆದ ಅಂಗಡಿ ಅದು. ಲಾಲ್‌ಬಾಗಿನ ಪಬ್ಬಾಸ್ ಕೂಡ ಅವರದೇ. ರಜಾದಿನ ಸಂಜೆ ಅಲ್ಲಿ ಮೇಜು ಸಿಗಬೇಕಾದರೆ ತಿನ್ನುತ್ತಿರುವವರ ಹಿಂದೆ ನಿಂತು ಅವರ ಚಮಚದ ವೇಗವನ್ನು ಲೆಕ್ಕಹಾಕುತ್ತಿರಬೇಕು.

ಉದ್ದನೆಯ ಗಾಜಿನ ಗ್ಲಾಸು, ಅಡಿಯಲ್ಲಿ ಜೆಲ್ಲಿ, ಅದರ ಮೇಲೆ ಹಣ್ಣಿನ ಹೋಳು, ನಡುನಡುವೆ ಗೇರುಬೀಜ ದ್ರಾಕ್ಷಿ, ಒಂದರ ಮೇಲೊಂದರಂತೆ ಮೂರು ಬಣ್ಣದ ಐಸ್‌ಕ್ರೀಂ. ಕೊಡುವ ಚಮಚವೂ ಉದ್ದದ್ದೇ. ಮೇಲಿನಿಂದ ಸ್ವಲ್ಪ ಸ್ವಲ್ಪವೇ ಕೆರೆದು ತಿನ್ನುವವರಿಗೆ ಕೊನೆಯಲ್ಲಿ ಸಿಹಿನೀರು ಮಾತ್ರ ಉಳಿಯುತ್ತದೆ. ಚಮಚವನ್ನು ತಳದವರೆಗೆ ಇಳಿಸಿ ಎಲ್ಲ ಪದರಗಳನ್ನೂ ಒಟ್ಟಿಗೆ ಎತ್ತಬೇಕು. ಇಬ್ಬರಿಗೆ ಒಂದು ಗ್ಲಾಸು ಸಾಕೆಂಬುದು ನಮ್ಮ ಅಭಿಪ್ರಾಯ, ಆದರೆ ಇದನ್ನು ಮಕ್ಕಳ ಎದುರಿಗೆ ಹೇಳುವ ಧೈರ್ಯ ನಮಗಿಲ್ಲ.

ಆ ಅಡಿಯ ಜೆಲ್ಲಿಯ ಬಗ್ಗೆ ಒಂದು ಮಾತು. ಜೆಲ್ಲಿ ಎರಡು ಬಗೆ. ಒಂದು ಜಿಲಾಟಿನ್‌ನಿಂದ ಮಾಡಿದ್ದು. ಜಿಲಾಟಿನ್ ಬರುವುದು ಪ್ರಾಣಿಗಳ ಎಲುಬು, ಚರ್ಮಗಳಿಂದ. ಇನ್ನೊಂದು ಚೈನಾ ಗ್ರಾಸ್‌ನಿಂದ ಮಾಡಿದ್ದು. ಅದು ಸಮುದ್ರದ ಪಾಚಿ. ಜಿಲಾಟಿನ್ ಬಾಯಿಯ ಬಿಸಿಗೇ ಕರಗುತ್ತದೆ, ಚೈನಾ ಗ್ರಾಸ್ ಕರಗದೆ ಹಲ್ಲಿಗೆ ಸಿಕ್ಕಿ ಮುರಿಯುತ್ತದೆ. ಆದರೆ ಈ ಪರೀಕ್ಷೆ ಬಾಯೊಳಗೇ ನಡೆಯಬೇಕಾದ್ದರಿಂದ ಸಸ್ಯಾಹಾರಿಗಳಿಗೆ ಇದರಿಂದ ಪ್ರಯೋಜನವಿಲ್ಲ. ವ್ರತ ನೇಮದವರು, ಮನೆಯಲ್ಲಿ ಈರುಳ್ಳಿಯನ್ನೂ ಮುಟ್ಟದ ಅಜ್ಜಿಯಂದಿರು ಮೊಮ್ಮಕ್ಕಳ ಒತ್ತಾಯಕ್ಕೆ ಪುಡಿಂಗ್ ಜೆಲ್ಲಿಗಳನ್ನು ತಿನ್ನುವುದನ್ನು ನಾವು ಕಾಣುತ್ತೇವೆ. ಯಾವ ಅಂಗಡಿಯಲ್ಲಿ ಯಾವುದನ್ನು ಹಾಕುತ್ತಾರೆಂಬುದನ್ನು ಅಲ್ಲಿಯೇ ಕೇಳಿ ತಿಳಿಯಬೇಕು. ಕೇಳಿದರೆ ಯಾರೂ ಮುನಿಯುವುದಿಲ್ಲ. ನಾವು ಕೇಳಿದ ಒಂದು ಕಡೆ ಮಾಣಿಗೆ ಗೊತ್ತಿರಲಿಲ್ಲ. ಒಳಗೆ ಹೋಗಿ ಪೊಟ್ಟಣವನ್ನೇ ತಂದು ಹಸಿರು ಚುಕ್ಕೆ ತೋರಿಸಿದ.

ಮಂಗಳೂರಿನ ಸಂಜೆಯ ಇನ್ನೊಂದು ಆಕರ್ಷಣೆ ನೂಡಲ್ಸ್ ಮತ್ತು ಗೋಬಿಯ ಗಾಡಿ. ನೂಡಲ್ಸ್ ಎಂಬ ಶಬ್ದ ನಮ್ಮ ಮನೆಗಳನ್ನು ಹೊಕ್ಕಿದ್ದು 1983ರಲ್ಲಿ ಮ್ಯಾಗಿಯ ಪೊಟ್ಟಣ ಭಾರತದ ಪೇಟೆಗೆ ಬಂದ ಮೇಲೆ. ಗಾಡಿಯಲ್ಲಿ ಸಿಗುವ ಹಕ್ಕಾ ನೂಡಲ್ಸಿನ ಮೂಲ ಕಲ್ಕತ್ತೆಯಲ್ಲಿ ನೆಲೆಸಿದ ಹಕ್ಕಾ ಚೀಣೀಯರ ಅಡುಗೆಮನೆ. ಭುಸುಗುಡುವ ಒಲೆ, ದೊಡ್ಡ ಬಾಣಲೆ, ಕ್ಯಾಬೇಜು, ಕ್ಯಾಪ್ಸಿಕಂ, ಸೋಯಾ ಸಾಸ್, ವಿನೆಗರ್. ಎರಡು ನಿಮಿಷದಲ್ಲಿ ತಟ್ಟೆ ಕೈಗೆ. ಬಿಸಿಬಿಸಿಯಾಗಿ ತಿಂದರೆ ರುಚಿಯೇ. ಆದರೆ ನಮಗಿಂತ ಮುಂಚಿನ ಗಿರಾಕಿಯ ಮೊಟ್ಟೆ, ಕೋಳಿ ಬೆಂದದ್ದೂ ಅದೇ ಬಾಣಲೆಯಲ್ಲಿ. ಬೇರೆ ಬಾಣಲೆಯಲ್ಲಿ ಮಾಡಿಕೊಡಿ ಎಂದರೆ ಕೆಲವರು ಮಾಡಿಕೊಡುತ್ತಾರೆ.

ಗೋಬಿ ಮಂಚೂರಿಯ ಕೆಂಪು ಬಣ್ಣದ ವಿಷಯ ಎಲ್ಲರಿಗೂ ಗೊತ್ತಿರುವುದೇ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರ ಗೋಬಿಗೂ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬಟ್ಟೆಗೆ ಹಾಕುವ ರೋಡಮಿನ್ ಎಂಬ ಬಣ್ಣವೂ ಮಾದರಿಗಳಲ್ಲಿ ಸಿಕ್ಕಿತ್ತು. ನಿಷೇಧ ಕರ್ನಾಟಕದ್ದು, ನಾವಿರುವುದು ಕೇರಳದಲ್ಲಿ. ಗಡಿನಾಡಿನವರು ತಲಪಾಡಿ ದಾಟಿದರೆ ಒಂದು ಸರಕಾರದ ಕಾನೂನಿನಂತೆಯೂ ಈಚೆ ಬಂದರೆ ಇನ್ನೊಂದರ ಕಾನೂನಿನಂತೆಯೂ ತಿನ್ನಬೇಕಾಗಿದೆ. ಬೆರಳಿಗೆ ಅಂಟಿ ತೊಳೆದರೂ ಹೋಗದ ಕೆಂಪು ಮಾತ್ರ ಎರಡೂ ಕಡೆ ಒಂದೇ.

ಇನ್ನು ನೂಡಲ್ಸ್ ಎಂದರೆ ಏನೋ ಪರದೇಶದ ಪದಾರ್ಥವೆಂದು ಬೆರಗಾಗುವ ಮಕ್ಕಳಿಗೆ ಮನೆಯ ಶ್ಯಾವಿಗೆ ಮಣೆಯನ್ನು ಅಟ್ಟದಿಂದ ಇಳಿಸಿ ತೋರಿಸಬೇಕು. ನಮ್ಮ ಒತ್ತು ಶ್ಯಾವಿಗೆಗೆ ಅಕ್ಕಿಹಿಟ್ಟನ್ನು ಕಾಸಿ ಉಂಡೆ ಕಟ್ಟಿ, ಮೊದಲು ಬೇಯಿಸಿ, ಬಿಸಿಯಿರುವಾಗಲೇ ಒತ್ತುತ್ತೇವೆ. ಮಲೆಯಾಳಿಗಳ ನೂಲ್‌ಪುಟ್ಟು, ಅಂದರೆ ಇಡಿಯಪ್ಪದಲ್ಲಿ ಕ್ರಮ ತಿರುಗುಮುರುಗು: ಮೊದಲು ಒತ್ತುವುದು, ಆಮೇಲೆ ಹಬೆಯಲ್ಲಿ ಬೇಯಿಸುವುದು. ಫಲೂದದ ಎಳೆ ಮೂರನೆಯ ಬಗೆ. ಜೋಳದ ಗಂಜಿಹಿಟ್ಟನ್ನು ಅಂಟಾಗಿ ಕಾಸಿ, ಬಿಸಿಯಲ್ಲಿಯೇ ತಣ್ಣೀರಿನೊಳಕ್ಕೆ ಒತ್ತುತ್ತಾರೆ. ಈ ಫಲೂದ ಪರ್ಷಿಯಾದಿಂದ ಬಂದದ್ದು, ಅಲ್ಲಿನ ಶಿರಾಜ್ ನಗರದಲ್ಲಿ ಇಂದಿಗೂ ಪ್ರಸಿದ್ಧ. ಗುಲಾಬಿಯ ಸಿಹಿರಸ, ಹಾಲು, ಐಸ್‌ಕ್ರೀಂಗಳೊಂದಿಗೆ ಅದನ್ನು ಕಲ್ಲಿಕೋಟೆಯಲ್ಲಿ ತಿನ್ನುವಾಗ ನಮಗೆ ನೆನಪಾದದ್ದು ಬೆಲ್ಲ ಹಾಕಿದ ತೆಂಗಿನಹಾಲಿನಲ್ಲಿ ನೆನೆದ ಮನೆಯ ಶ್ಯಾವಿಗೆಯೇ. ಯಾವುದು ಹೆಚ್ಚು ಎಂದು ಕೇಳಿದರೆ, ತೆಂಗಿನಹಾಲಿನದೇ ಎನ್ನುತ್ತೇವೆ. ಒತ್ತುವ ಕಷ್ಟ ನಮ್ಮದಲ್ಲವೆಂದೇ ಹಾಗೆನ್ನುವುದು ಎಂದು ಮನೆಯ ಹೆಂಗಸರು ಹೇಳಿಯಾರು.

ಕಲ್ಲಿಕೋಟೆಗೆ ಬಂದೆವಲ್ಲ, ಇಲ್ಲಿಯ ಪಾನೀಯಗಳನ್ನೇ ನೋಡೋಣ. ಮಿಠಾಯಿ ತೆರುವು ಎಂಬ ಬೀದಿ 2017ರ ಕೊನೆಗೆ ಹೊಸರೂಪ ಪಡೆದು, ವಾಹನಗಳ ಕಾಟ ಕಡಿಮೆಯಾಗಿ, ಮಕ್ಕಳನ್ನು ಕರೆದುಕೊಂಡು ನಡೆಯಲು ಹಿತವಾಗಿದೆ. ಬೀದಿಯ ಬಾಯಲ್ಲಿ ಕಾದಂಬರಿಕಾರ ಎಸ್.ಕೆ. ಪೊಟ್ಟೆಕ್ಕಾಟ್ಟರ ಪ್ರತಿಮೆ. ಈ ಬೀದಿಯ ಜನರನ್ನೇ ಪಾತ್ರಗಳಾಗಿಸಿ ಕಾದಂಬರಿ ಬರೆದವರು ಅವರು.

ಕುಲುಕ್ಕಿ ಸರಬತ್ತನ್ನು ಮೊದಲು ಕುಡಿದೆವು. ಹೆಸರು ಕೇಳಿ ಹೆದರಬೇಕಾಗಿಲ್ಲ. ನಮ್ಮ ಕುಲುಕು ಎಂಬ ಶಬ್ದವೇ ಅದು. ಲಿಂಬೆಹುಳಿ, ಸಕ್ಕರೆ, ಶುಂಠಿ, ಸೀಳಿದ ಹಸಿಮೆಣಸು, ಐಸ್, ನೀರಿನಲ್ಲಿ ನೆನೆದ ಬೀಜ ಇಷ್ಟನ್ನೂ ಒಂದು ಗ್ಲಾಸಿಗೆ ಹಾಕಿ, ಮೇಲೆ ಇನ್ನೊಂದು ಗ್ಲಾಸನ್ನು ಕವುಚಿ, ತಲೆಯ ಮೇಲಕ್ಕೆತ್ತಿ ಗಲಗಲನೆ ಕುಲುಕುತ್ತಾರೆ. ಮೊದಲ ಗುಟುಕಿಗೆ ಸಿಹಿ, ಎರಡನೆಯದಕ್ಕೆ ಖಾರ, ಆಮೇಲೆ ಕಿವಿ ಬಿಸಿ. ಪಕ್ಕದ ಮೇಜಿನಲ್ಲಿ ನಮ್ಮ ಕಡೆಯದೇ ಒಂದು ಕುಟುಂಬ ಕುಳಿತಿತ್ತು. ಮೊಮ್ಮಗಳು ಸರಾಗ ಮಲೆಯಾಳದಲ್ಲಿ ಆರ್ಡರು ಕೊಡುತ್ತಿದ್ದಳು. ಅಂಗಡಿಯಾತ "ಕಸ್‌ಕಸ್ ವೇಣೋ?" ಎಂದು ಕೇಳಿದ್ದು ಅಜ್ಜಿಯ ಕಿವಿಗೆ ಬಿತ್ತು.

"ಗಸಗಸೆ ಬೇಡ ಹೇಳು ಮಗಾ. ರೈಲಿನಲ್ಲಿ ನಿದ್ದೆ ಬಂದೀತು."

"ಅದು ಗಸಗಸೆ ಅಲ್ಲ ಅಜ್ಜೀ."

"ಮತ್ತೆಂತದು?"

ಮೊಮ್ಮಗಳಿಗೆ ಹೆಸರು ಗೊತ್ತಿರಲಿಲ್ಲ. ಮಲೆಯಾಳದ ಶಬ್ದ ಬಾಯಲ್ಲಿತ್ತು, ಕನ್ನಡದ್ದು ಇರಲಿಲ್ಲ. ಅಜ್ಜಿ ಚಮಚದಲ್ಲಿ ನಾಲ್ಕು ಬೀಜ ಎತ್ತಿ, ಕನ್ನಡಕ ಸರಿಮಾಡಿಕೊಂಡು ನೋಡಿದವರು, "ಇದು ಕಾಮಕಸ್ತೂರಿ ಅಲ್ಲವಾ! ನಮ್ಮ ತೋಟದ ಬದಿಯಲ್ಲಿ ಎಷ್ಟು ಬೇಕು?" ಎಂದರು. ಒಬ್ಬಳಿಗೆ ಕೇಳುವ ಭಾಷೆ ಗೊತ್ತು, ಇನ್ನೊಬ್ಬರಿಗೆ ವಸ್ತು ಗೊತ್ತು. ಇಬ್ಬರೂ ಒಟ್ಟಿಗೆ ಬಂದದ್ದು ಒಳ್ಳೆಯದಾಯಿತು.

ಇಂಥ ಶಬ್ದಗಳು ಬೇರೆಯೂ ಇವೆ. ಅಂಗಡಿಯ ನನ್ನಾರಿ ಸರಬತ್ತು ಎಂದರೆ ನಮ್ಮ ಹಿತ್ತಿಲಿನ ಸೊಗದೆ ಬೇರು, ಕೆಲವರು ನಾಮದ ಬೇರು ಎನ್ನುವಂಥಾದ್ದು. ಹಾಲಿನಲ್ಲಿ ಬೆರೆಸಿದರೆ ಅದೇ ಕಲ್ಲಿಕೋಟೆಯ ಮಿಲ್ಕ್ ಸರಬತ್ತು. ವೆಳ್ಳಂ ಎಂದರೆ ನೀರು, ವೆಲ್ಲಂ ಎಂದರೆ ಬೆಲ್ಲ. ನಾಲಿಗೆ ಸ್ವಲ್ಪ ಹೊರಳಿದರೆ ನೀರಿನ ಬದಲು ಬೆಲ್ಲ ಕೇಳಿದಂತಾಗುತ್ತದೆ. ಮೊಟ್ಟೆ ಹಾಕಿದ್ದೀರಾ ಎಂದು ಕೇಳಲು "ಮುಟ್ಟ ಚೇರ್ತಿಟ್ಟುಂಡೋ" ಎಂದರೆ ಸಾಕು. ಐಸ್ ಬೇಡವೆನ್ನಲು "ಐಸ್ ವೇಂಡ". ಇಷ್ಟಕ್ಕೆ ಯಾರ ಮುಂದೆಯೂ ನಾಚಬೇಕಾದ್ದಿಲ್ಲ.

ಅವಿಲ್ ಮಿಲ್ಕ್ ನಮಗೆ ಎಲ್ಲಕ್ಕಿಂತ ಹಿಡಿಸಿತು. ಗ್ಲಾಸಿನ ತಳದಲ್ಲಿ ಕಿವುಚಿದ ಬಾಳೆಹಣ್ಣು, ಮೇಲೆ ತಣ್ಣನೆಯ ಹಾಲು, ಅದರ ಮೇಲೆ ಹುರಿದ ಅವಲಕ್ಕಿ, ನೆಲಗಡಲೆ. ಮಲಬಾರಿನಲ್ಲಿ ಮೈಸೂರು ಪಳಂ ಎಂಬ ಹೆಸರಿನಲ್ಲಿ ಮಾರುವ ಬಾಳೆಹಣ್ಣನ್ನೂ ಇದಕ್ಕೆ ಬಳಸುವುದುಂಟು. ಕುಚೇಲನ ಅವಲಕ್ಕಿಗೆ ಶ್ರೀಮಂತಿಕೆ ಬಂದಂತಿದೆ. ತಂದ ಕೂಡಲೇ ತಿನ್ನಬೇಕು; ಮಾತಾಡುತ್ತ ಕುಳಿತರೆ ಅವಲಕ್ಕಿ ಮೆತ್ತಗಾಗಿ ಸೊಗಸು ಹೋಗುತ್ತದೆ. ಹೊಟ್ಟೆ ತುಂಬುವ ಪದಾರ್ಥವಾದ್ದರಿಂದ ಪ್ರಯಾಣಿಕರಿಗೆ ಒಂದು ಹೊತ್ತಿನ ಊಟವೇ ಉಳಿಯಿತು.

ಕಡಲತೀರದ ಗಾಡಿಗಳ ವಿಷಯ ಸ್ವಲ್ಪ ಎಚ್ಚರದಿಂದ ಹೇಳಬೇಕಾಗಿದೆ. ಐಸ್ ಒರತಿ ಎಂದರೆ ನಮ್ಮ ನೀರಿನ ಒರತೆಯಲ್ಲ, ಐಸನ್ನು ಉಜ್ಜಿ ತೆಗೆದ ಪುಡಿಗೆ ಸಿಹಿಯನ್ನೋ ಖಾರವನ್ನೋ ಹಾಕಿದ್ದು. ಭರಣಿಗಳಲ್ಲಿ ಉಪ್ಪುನೀರಿಗೆ ಹಾಕಿಟ್ಟ ನೆಲ್ಲಿಕಾಯಿ, ಮಾವಿನಕಾಯಿ, ಅನಾನಸುಗಳ ಸಾಲು ನೋಡಿದರೆ ಯಾರ ಬಾಯಲ್ಲೂ ನೀರೂರಬೇಕು. ಆದರೆ 2022ರ ಫೆಬ್ರವರಿಯಲ್ಲಿ ಇದೇ ಊರಿನ ತೀರದಲ್ಲಿ ಪ್ರವಾಸಕ್ಕೆ ಬಂದಿದ್ದ ಬಾಲಕನೊಬ್ಬ ಗಾಡಿಯಲ್ಲಿದ್ದ ಬಾಟ್ಲಿಯ ಆಮ್ಲವನ್ನು ನೀರೆಂದು ಕುಡಿದು ಬಾಯಿ ಸುಟ್ಟುಕೊಂಡ. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದ ವಿದ್ಯಾರ್ಥಿನಿ ತೀರಿಕೊಂಡಳು, ಹತ್ತಾರು ಮಂದಿ ಆಸ್ಪತ್ರೆ ಸೇರಿದರು; ಕಾರಣ ಶಿಗೆಲ್ಲ ಎಂಬ ರೋಗಾಣು. 2023ರ ಜನವರಿಯಲ್ಲಿ ಕೇರಳ ಸರಕಾರ ಹಸಿಮೊಟ್ಟೆಯ ಮಯೋನೈಸನ್ನು ನಿಷೇಧಿಸಿ, ಪಾರ್ಸೆಲ್ ತಿಂಡಿಯ ಮೇಲೆ ತಯಾರಿಸಿದ ಸಮಯ ಬರೆಯಬೇಕೆಂದು ಆಜ್ಞೆ ಮಾಡಿತು. ಪೊಟ್ಟಣ ಕೈಗೆ ಬಂದಾಗ ಆ ಚೀಟಿ ನೋಡುವವರು ಎಷ್ಟು ಮಂದಿ?

ಐಸ್ ಬಗ್ಗೆ ನಮ್ಮಲ್ಲೊಂದು ತಪ್ಪು ನಂಬಿಕೆಯಿದೆ, ತಣ್ಣಗಾದರೆ ಕ್ರಿಮಿ ಸಾಯುತ್ತದೆಂದು. ಹಳದಿ ಕಾಮಾಲೆ ತರುವ ಹೆಪಟೈಟಿಸ್ ಎ ವೈರಸು ಐಸಿನಲ್ಲಿ ಸಾಯುವುದಿಲ್ಲ. ಅದಕ್ಕೆ ನೀರು ಕುದಿಯಬೇಕು. ಐಸ್ ಯಾವ ನೀರಿನದ್ದೆಂದು ತಿಳಿಯದ ಕಡೆ ಸುಲೈಮಾನಿಯೇ ಕ್ಷೇಮ. ಹಾಲಿಲ್ಲದ ಬಿಸಿ ಚಹಾಕ್ಕೆ ಲಿಂಬೆ ಹಿಂಡಿ, ಏಲಕ್ಕಿ ಹಾಕಿದ ಈ ಪಾನೀಯ ಸೆಕೆಯಲ್ಲೂ ದಾಹ ತೀರಿಸುತ್ತದೆ, ಹೊಟ್ಟೆಯನ್ನೂ ಹಗುರಮಾಡುತ್ತದೆ.

ಮನೆಗೆ ತರುವುದಾದರೆ ಕಲ್ಲಿಕೋಟೆಯ ಹಲುವ ತನ್ನಿ. ತೆಂಗಿನೆಣ್ಣೆಯಲ್ಲಿ ಕಾಸಿದ್ದಾದ್ದರಿಂದ ಕೆಲವು ದಿನ ಕೆಡದೆ ಇರುತ್ತದೆ. ಮಂಗಳೂರಿನ ಗಡ್‌ಬಡ್ ಕಟ್ಟಿಸಿಕೊಂಡು ಹೊರಟರೆ ಉಪ್ಪಳ ತಲಪುವಷ್ಟರಲ್ಲಿ ಪಾಯಸ. ಕಾಮಕಸ್ತೂರಿ ಬೀಜ ನಮ್ಮ ಪೇಟೆಯ ಅಂಗಡಿಗಳಲ್ಲೇ ಸಿಗುತ್ತದೆ, ಕಸ್‌ಕಸ್ ಎಂದು ಕೇಳಬೇಕು. ಒಂದು ಚಮಚ ಬೀಜಕ್ಕೆ ಒಂದು ಲೋಟ ನೀರು, ಕಾಲು ಗಂಟೆ ನೆನೆದರೆ ಉಬ್ಬಿ ಬರುತ್ತದೆ. ಗಲ್ಫಿನಲ್ಲಿರುವ ಮಕ್ಕಳಿಗೆ ಕಳುಹಿಸುವವರು ಮಾತ್ರ ಪೊಟ್ಟಣ ಬಿಡಿಸಿ ಒಳಗಿರುವುದು ಕಪ್ಪು ಬೀಜವೇ ಎಂದು ನೋಡಿಕೊಳ್ಳಿ. ಬಿಳಿ ಗಸಗಸೆ ಯು.ಎ.ಇ., ಸೌದಿ ಅರೇಬಿಯಗಳಲ್ಲಿ ಅಫೀಮಿನ ಗಿಡದ್ದೆಂದು ನಿಷಿದ್ಧ. ಪೆಟ್ಟಿಗೆಯಲ್ಲಿ ಸಿಕ್ಕಿದರೆ ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ.