ರೂಪಾಯಿಗೂ ಒಂದು ಕಟ್ಟಳೆ

ಅರೇಹಳ್ಳಿಯ ಸುತ್ತಣ ತೋಟಗಳ ಕಾಫಿಯು ಪರದೇಶದಲ್ಲಿ ಮಾರಾಟವಾಗಿ ಒಂದು ಪೌಂಡನ್ನು ತಂದಿತೆಂದು ಭಾವಿಸೋಣ. ರೂಪಾಯಿಯ ದರವು ೧೬ ಪೆನ್ಸುಗಳಿದ್ದಲ್ಲಿ ತೋಟದ ಯಜಮಾನನಿಗೆ ೧೫ ರೂಪಾಯಿ ದೊರೆಯುವುದು. ೧೮ ಪೆನ್ಸುಗಳಾದರೆ ೧೩ ರೂಪಾಯಿ ೫ ಆಣೆ ೪ ಪೈ ಮಾತ್ರ. ಈ ಎರಡು ಪೆನ್ಸುಗಳಿಗಾಗಿ ೧೯೨೫ರ ಸುಮಾರಿನಲ್ಲಿ ದೇಶದಲ್ಲಿ ದೊಡ್ಡ ವಾದವೇ ನಡೆಯಿತು. ರೂಪಾಯಿ ಅಗ್ಗವಾದರೆ ದೇಶಕ್ಕೆ ಲಾಭವೆಂದು ಅನೇಕ ವರ್ತಕರ ಮತ. ಆ ಲಾಭವು ಯಾರ ಗಂಟಿನಿಂದ ಬರುವುದೆಂದು ಕೇಳಿದವರು ವಿರಳ. ಹಾಗೆ ಕೇಳಿದವರಲ್ಲಿ ಡಾಕ್ಟರ್ ಭೀಮರಾವ್ ಅಂಬೇಡ್ಕರರು ಒಬ್ಬರು.

ನಾಣ್ಯವು ಅಗ್ಗವಾದಾಗ ಧಾರಣೆಗಳು ಏರುವುವು. ಕೂಲಿಯು ಅದೇ ವೇಗದಲ್ಲಿ ಏರದು. ಆದುದರಿಂದ ರಫ್ತುದಾರನಿಗೆ ಬಂದ ಲಾಭವು ಕೂಲಿಗಾರನ ಅನ್ನದಿಂದ ಕಳೆದುದೇ ಹೊರತು ಪರದೇಶದಿಂದ ಬಂದುದಲ್ಲವೆಂದು ಅವರು ೧೯೨೩ರಲ್ಲಿ ಪ್ರಕಟವಾದ ತಮ್ಮ ರೂಪಾಯಿಯ ಸಮಸ್ಯೆಯ ಗ್ರಂಥದಲ್ಲಿ ತೋರಿಸಿದರು. ಕಾಫಿ ಕೊಯ್ಯುವ ಹೆಂಗಸಿನ ಕಡೆಯಿಂದ ನಾಣ್ಯಶಾಸ್ತ್ರವನ್ನು ನೋಡುವುದೆಂದರೆ ಇದೇ. ಪರಿಹಾರವಾಗಿ ಅವರು ಸೂಚಿಸಿದುದೂ ಸ್ವಾರಸ್ಯವಾಗಿದೆ: ಟಂಕಸಾಲೆಯಲ್ಲಿ ರೂಪಾಯಿಯ ಅಚ್ಚನ್ನು ಜನರಿಗೆ ಮುಚ್ಚಿದಂತೆಯೇ ಸರ್ಕಾರಕ್ಕೂ ಮುಚ್ಚಬೇಕು! ಅಧಿಕಾರಿಗಳ ಸದ್ಬುದ್ಧಿಯನ್ನು ನಂಬಿ ನಾಣ್ಯದ ಬೆಲೆಯನ್ನು ಬಿಡಲಾಗದು, ಕಾನೂನಿನ ಮೇರೆ ಬೇಕೆಂಬುದು ತಾತ್ಪರ್ಯ. ಗ್ರಂಥಕ್ಕೆ ಮುನ್ನುಡಿ ಬರೆದ ಗುರು ಎಡ್ವಿನ್ ಕ್ಯಾನನ್ನರು ಶಿಷ್ಯನ ಹಲವು ಮಾತುಗಳನ್ನು ತಾವು ಒಪ್ಪುವುದಿಲ್ಲವೆಂದು ಅಲ್ಲಿಯೇ ಬರೆದರು. ಅಂತಹ ಗುರುವೂ ಅಪರೂಪ.

ಸಂಸ್ಕೃತದಲ್ಲಿ ‘ಅರ್ಥ’ವೆಂಬ ಒಂದೇ ಪದವು ಹಣಕ್ಕೂ ಮಾತಿನ ಅಭಿಪ್ರಾಯಕ್ಕೂ ಸಲ್ಲುವುದು. ಇವರು ಎರಡನ್ನೂ ಓದಿದರು, ಎರಡನ್ನೂ ಓದಿಸಿದರು. ೧೯೧೮ರಿಂದ ೧೯೨೦ರ ವರೆಗೆ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರು. ೧೯೨೨ರಲ್ಲಿ ಲಂಡನ್ನಿನಲ್ಲಿ ಬ್ಯಾರಿಸ್ಟರರು. ೧೯೩೫ರಿಂದ ೧೯೩೮ರ ವರೆಗೆ ಮುಂಬಯಿಯ ಸರ್ಕಾರಿ ನ್ಯಾಯಶಾಸ್ತ್ರ ಕಾಲೇಜಿನ ಪ್ರಿನ್ಸಿಪಾಲರು. ೧೯೨೫ರಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆ ಸಾಕ್ಷ್ಯವನ್ನೂ ನುಡಿದರು. ಆಯೋಗವು ಕೇಂದ್ರ ಬ್ಯಾಂಕೊಂದನ್ನು ಶಿಫಾರಸು ಮಾಡಿತು; ೧೯೩೫ರ ಏಪ್ರಿಲ್ ೧ರಂದು ರಿಜರ್ವ್ ಬ್ಯಾಂಕು ಆರಂಭವಾಯಿತು. ಆ ಬ್ಯಾಂಕು ಇವರ ಗ್ರಂಥದಿಂದಲೇ ಹುಟ್ಟಿತೆಂದು ಕೆಲವರು ಹೇಳುವುದುಂಟು. ಅದು ಭಕ್ತಿಯ ಅತಿಶಯೋಕ್ತಿ. ಇವರಿಗೆ ಅದರ ಅಗತ್ಯವೂ ಇಲ್ಲ.

ಏಕೆಂದರೆ ಎರಡು ವಿದ್ಯೆಗಳೂ ಕೂಡಿದ ಸ್ಥಳವು ಬೇರೆ ಇದೆ: ಸಂವಿಧಾನದ ಕರಡು. ಕೇಂದ್ರವು ತೆರಿಗೆಯ ಪಾಲನ್ನು ರಾಜ್ಯಗಳಿಗೆ ಹಂಚುವ ಬಗೆಯನ್ನು ಸೂಚಿಸಲು ಐದೈದು ವರ್ಷಕ್ಕೊಮ್ಮೆ ಹಣಕಾಸು ಆಯೋಗವು ಕೂಡುವುದು ೨೮೦ನೆಯ ಅನುಚ್ಛೇದದಿಂದ. ಹುಜೂರು ಲೆಕ್ಕವನ್ನು ಶೋಧಿಸುವ ಮಹಾಲೇಖಪಾಲರು ಬಂದುದು ೧೪೮ನೆಯದರಿಂದ. ಮೈಸೂರಿನ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಲೆಕ್ಕದ ಕಚೇರಿಗೆ ಒಂದು ಅಧ್ಯಾಯವೇ ಮೀಸಲಾಗಿದೆ. ಆದರೆ ಅಲ್ಲಿಯ ಲೆಕ್ಕಿಗನು ರಾಜನ ಸೇವಕನು. ಇಲ್ಲಿಯವನನ್ನು ಸುಪ್ರೀಂ ಕೋರ್ಟಿನ ನ್ಯಾಯಾಧೀಶನಂತೆಯೇ ಸುಲಭವಾಗಿ ತೆಗೆಯಲಾಗದು. ಇಷ್ಟಾದರೂ ೧೯೪೯ರ ಮೇ ತಿಂಗಳಲ್ಲಿ ಅಂಬೇಡ್ಕರರು ಸಭೆಯಲ್ಲಿ ತೃಪ್ತರಾಗಿ ಕುಳಿತಿರಲಿಲ್ಲ. ಈ ಅಧಿಕಾರಿಯ ಕರ್ತವ್ಯವು ನ್ಯಾಯಾಂಗದ ಕರ್ತವ್ಯಕ್ಕಿಂತಲೂ ಮಿಗಿಲಾದುದು. ಆದರೂ ತನ್ನ ಕಚೇರಿಯ ಸಿಬ್ಬಂದಿಯನ್ನು ತಾನೇ ನೇಮಿಸಿಕೊಳ್ಳುವ ಸ್ವಾತಂತ್ರ್ಯವನ್ನು ನಾವು ಅವನಿಗೆ ಕೊಡಲಿಲ್ಲವೆಂದು ಅವರು ಅಂದು ಬಹಿರಂಗವಾಗಿಯೇ ಆಕ್ಷೇಪಿಸಿದರು.