ಕಳ್ಳಿಯ ಗೇಣಿನಲ್ಲಿ ಅಳೆದ ಆಕಾಶ

ರಾತ್ರಿ ಎರಡು ಗಂಟೆ. ಕ್ಯಾಮೆರಾ ಟ್ರೈಪಾಡ್ ಏರಿ ಮೂರು ತಾಸಾಗಿದೆ. ಲೆನ್ಸ್ ಒರೆಸೋಣವೆಂದು ಜೇಬಿನಿಂದ ಕರವಸ್ತ್ರ ತೆಗೆದವನು ಹಾಗೇ ನಿಂತುಬಿಟ್ಟೆ. ಒರೆಸುವುದಕ್ಕೆ ಏನೂ ಇಲ್ಲ! ನಮ್ಮ ಬಯಲುಸೀಮೆಯಲ್ಲಿ ನಕ್ಷತ್ರಗಳ ಫೋಟೊ ತೆಗೆಯುವವರಿಗೆ ಗೊತ್ತು, ನಡುರಾತ್ರಿ ದಾಟುವುದರೊಳಗೆ ಗಾಜಿನ ಮೇಲೆ ಇಬ್ಬನಿ ಕೂತು ಚುಕ್ಕಿಗಳೆಲ್ಲ ಹತ್ತಿಯ ಉಂಡೆಗಳಾಗಿರುತ್ತವೆ. ಇಲ್ಲಿ, ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ, ಜುಲೈ ತಿಂಗಳ ಕೊರೆಯುವ ಚಳಿಯಲ್ಲೂ ಗಾಜು ಒಣಗಿ ಲಕಲಕ ಹೊಳೆಯುತ್ತಿದೆ. ನನ್ನ ತುಟಿ ಒಡೆದಿದೆ. ಸ್ವೆಟರ್ ಎಳೆದರೆ ಚಟಚಟ ಕಿಡಿ ಹಾರುತ್ತದೆ. ಬ್ಯಾಟರಿಗಳು ಚಳಿಗೆ ಸೋಲದಂತೆ ಕಂಕುಳಲ್ಲಿ ಬೆಚ್ಚಗೆ ಕೂತಿವೆ.

ಎದುರಿಗೆ ನಿಂತಿದೆ ಕಾರ್ದೋನ್. ನನ್ನ ಎರಡೂವರೆ ಪಟ್ಟು ಎತ್ತರದ ಕಳ್ಳಿ!

ಇದು ಸ್ಯಾನ್ ಪೆದ್ರೊ ದೆ ಅಟಕಾಮಾ ಎಂಬ ಮಣ್ಣಿನ ಗೋಡೆಗಳ ಊರಿನಿಂದ ಉತ್ತರಕ್ಕಿರುವ ಗ್ವಾತಿನ್ ಕಮರಿ. ಕೆಳಗೆ ಸಣ್ಣ ತೊರೆಯೊಂದರ ಸದ್ದು, ಎರಡೂ ಬದಿಯ ಕಲ್ಲುದಿಬ್ಬಗಳ ಮೇಲೆ ಕಾವಲುಗಾರರಂತೆ ಕಳ್ಳಿಗಳ ಸಾಲು. ಹಗಲಿನಲ್ಲಿ ಹತ್ತಿರ ಹೋಗಿ ನೋಡಿದ್ದೆ. ಕಾಂಡದ ಉದ್ದಕ್ಕೂ ಸೀರೆಯ ನೆರಿಗೆಯಂಥ ಏಣುಗಳು, ಪ್ರತಿ ಏಣಿನ ಮೇಲೂ ಸಾಲಾಗಿ ಬೂದುಬಣ್ಣದ ಗುಬುಟು, ಪ್ರತಿ ಗುಬುಟಿನಿಂದ ಜೇನಿನ ಬಣ್ಣದ ಮುಳ್ಳುಗಳ ಕಟ್ಟು. ಬೆಳಕಿಗೆ ಎದುರಾಗಿ ನಿಂತು ನೋಡಿದರೆ ಇಡೀ ಗಿಡಕ್ಕೆ ಚಿನ್ನದ ಅಂಚು! ಆ ಮುಳ್ಳುಗಳೆಲ್ಲ ಒಂದು ಕಾಲಕ್ಕೆ ಎಲೆಗಳಾಗಿದ್ದವು. ಎಲೆಯಿದ್ದರೆ ನೀರು ಆವಿಯಾಗಿ ಹೋಗುತ್ತದೆಂದು ಲಕ್ಷಾಂತರ ವರ್ಷಗಳಲ್ಲಿ ಸೂಜಿಗಳಾದವು. ನೆರಿಗೆಗಳೋ, ಕಮ್ಮಾರನ ತಿದಿಯ ಹಾಗೆ. ಮಳೆ ಬಂದಾಗ ಉಬ್ಬಿ ನೀರು ತುಂಬಿಕೊಳ್ಳುತ್ತವೆ, ಬರ ಬಂದಾಗ ಕುಗ್ಗಿ ಕಾಯುತ್ತವೆ. ಈಗ ಕುಗ್ಗಿದ ಕಾಲ. ಮುಳ್ಳು ತಪ್ಪಿಸಿ ಎರಡು ಏಣುಗಳ ನಡುವೆ ಬೆರಳಿಟ್ಟರೆ ಎರಡನೇ ಗೆಣ್ಣಿನವರೆಗೂ ಒಳಗೆ ಇಳಿಯಿತು.

ಇದು ಬೆಳೆಯುವುದು ವರ್ಷಕ್ಕೆ ಸರಾಸರಿ ಒಂದು ಸೆಂಟಿಮೀಟರ್. ಒಂದೇ ಒಂದು ಸೆಂಟಿಮೀಟರ್! ಬುಡದ ಹತ್ತಿರ ಮುಳ್ಳಿಗೆ ತಾಗದಂತೆ ಗೇಣು ಹಿಡಿದು ನೋಡಿದೆ. ನನ್ನ ಒಂದು ಗೇಣಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ. ನನ್ನ ಎತ್ತರಕ್ಕೆ ನೂರೆಪ್ಪತ್ತು ವರ್ಷ. ಗಿಡದ ತುದಿಗೆ ಕಣ್ಣು ಹಾಯಿಸಿದರೆ ನಾಲ್ಕು ಶತಮಾನ ದಾಟುತ್ತದೆ. ಕಾರ್ದೋನ್‌ಗಳು ಒಂಬತ್ತು ಮೀಟರ್‌ವರೆಗೂ ಏರಬಲ್ಲವು. ಸ್ಯಾನ್ ಪೆದ್ರೊದ ಹಳೆಯ ಇಗರ್ಜಿಯ ಚಾವಣಿಗೆ ಹಾಕಿರುವುದೂ ಇದರದೇ ಹಲಗೆ. ಜಾಲಂದ್ರದ ಹಾಗೆ ತೂತುತೂತಾದ ಈ ಮರವನ್ನು ಮೊಳೆಯ ಬದಲು ಲಾಮಾ ಎಂಬ ಪ್ರಾಣಿಯ ಚರ್ಮದ ಪಟ್ಟಿಗಳಿಂದ ಬಿಗಿದಿದ್ದಾರೆ. ಆ ಚಾವಣಿಯ ಕೆಳಗೆ ನಿಂತು ತಲೆಯೆತ್ತಿದಾಗ ಎಷ್ಟು ಶತಮಾನಗಳ ಒಣ ಗಾಳಿ ಅಲ್ಲಿ ಹೆಪ್ಪುಗಟ್ಟಿದೆಯೋ ಅನ್ನಿಸಿ ಮೈ ಜುಮ್ಮೆಂದಿತ್ತು.

ನಮ್ಮೂರ ಬೇಲಿಯ ಪಾಪಸುಕಳ್ಳಿಯ ನೆನಪಾಯಿತು. ಅದೂ ಇದೇ ಮನೆತನದ್ದು. ಅಮೆರಿಕ ಖಂಡಗಳಿಂದ ಹಡಗೇರಿ ಬಂದು ನಮ್ಮ ಹೊಲದ ಬದುಗಳಲ್ಲಿ ಬೀಡುಬಿಟ್ಟದ್ದು. ಚಿಕ್ಕಂದಿನಲ್ಲಿ ಅದರ ಕೆಂಪು ಹಣ್ಣು ಕಿತ್ತು ಬಾಯಿ ಕೆಂಪಾಗಿಸಿಕೊಂಡ ನನಗೆ ಇಷ್ಟು ವರ್ಷದ ಮೇಲೆ ಅದರ ತವರು ಕಂಡಿತ್ತು!

ಆದರೆ ನನ್ನನ್ನು ಈ ಮರುಭೂಮಿಗೆ ಕರೆತಂದದ್ದು ಕಳ್ಳಿಯಲ್ಲ, ಆಲ್ಮಾ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಪದಕ್ಕೆ ಆತ್ಮ ಎಂದು ಅರ್ಥ. ಇಲ್ಲಿಂದ ಹೆಚ್ಚು ದೂರವಿಲ್ಲದ ಚಾನಂತೋರ್ ಪ್ರಸ್ಥಭೂಮಿಯಲ್ಲಿ, 5,000 ಮೀಟರ್ ಎತ್ತರದಲ್ಲಿ, 66 ಬಿಳಿ ಬೋಗುಣಿಗಳು ಆಕಾಶಕ್ಕೆ ಮುಖ ಮಾಡಿ ನಿಂತಿವೆ. ಅವುಗಳಲ್ಲಿ 54 ಹನ್ನೆರಡು ಮೀಟರ್ ಅಗಲದವು, 12 ಏಳು ಮೀಟರಿನವು. ಯುರೋಪ್, ಉತ್ತರ ಅಮೆರಿಕ ಮತ್ತು ಪೂರ್ವ ಏಷ್ಯಾದ ದೇಶಗಳು ಚಿಲಿಯೊಂದಿಗೆ ಸೇರಿ ಕಟ್ಟಿದ ಈ ರೇಡಿಯೊ ದೂರದರ್ಶಕ ಉದ್ಘಾಟನೆಯಾದದ್ದು 2013ರ ಮಾರ್ಚ್‌ನಲ್ಲಿ. ಕಳ್ಳಿಯ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಅರ್ಧ ಗೇಣಿನ ಹಿಂದೆ!

ಸಂದರ್ಶಕರಿಗೆ ಮೇಲಿನವರೆಗೆ ಪ್ರವೇಶವಿಲ್ಲ. ಅಲ್ಲಿ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಹೆಚ್ಚುಕಡಿಮೆ ಅರ್ಧ ಮಾತ್ರ. ನಮಗೆ ಕಾಣಲು ಸಿಗುವುದು 2,900 ಮೀಟರ್ ಎತ್ತರದ ಕಾರ್ಯಕೇಂದ್ರ. ದುರಸ್ತಿಗೆ ಇಳಿದು ಬಂದಿದ್ದ ಒಂದು ಬೋಗುಣಿ ಅಲ್ಲಿ ಬಿಸಿಲಿಗೆ ಮುಖವೊಡ್ಡಿ ನಿಂತಿತ್ತು. ನೂರು ಟನ್ನಿನ ಆಸುಪಾಸು ತೂಗುವ ಆ ದೈತ್ಯನನ್ನು ಹೊತ್ತು ತಂದದ್ದು 28 ಚಕ್ರದ ಹಳದಿ ಗಾಡಿ. ಅಂಥವು ಎರಡಿವೆ, ಹೆಸರು ಓಟ್ಟೊ ಮತ್ತು ಲೋರೆ. ಒಂದೊಂದೂ 20 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮೂರ ತೇರಿನಂತೆ ನಿಧಾನವಾಗಿ, ಗಂಭೀರವಾಗಿ, 28 ಕಿಲೋಮೀಟರ್ ಬೆಟ್ಟದ ದಾರಿಯನ್ನು ಏರಿ ಬೋಗುಣಿಯನ್ನು ಅದರ ಪೀಠದ ಮೇಲೆ ಕೂರಿಸುತ್ತವೆ. ಆ ತೇರು ಸಾಗುವ ದಾರಿ ಸುಮಾರು 3,500 ಮೀಟರ್ ಎತ್ತರದಲ್ಲಿ ಹಾದುಹೋಗುವುದು ಎಲ್ಲಿ ಗೊತ್ತೇ? ಇದೇ ಕಾರ್ದೋನ್ ಕಳ್ಳಿಗಳ ನಡುವೆ!

ಬೋಗುಣಿಯ ಫೋಟೊ ತೆಗೆಯುವಾಗ ಒಂದು ಬೆರಗು ಕಾದಿತ್ತು. ಅಷ್ಟು ದೊಡ್ಡ ಲೋಹದ ಕನ್ನಡಿ ಸುಡುಬಿಸಿಲಲ್ಲಿ ಕಣ್ಣು ಕುಕ್ಕಬೇಕಿತ್ತು. ಕುಕ್ಕಲಿಲ್ಲ! ಸುಣ್ಣ ಬಳಿದ ಗೋಡೆಯಂತೆ ಮಂದವಾಗಿತ್ತು. ಸೂರ್ಯನ ಬೆಳಕು ಚದುರಿಹೋಗಲೆಂದೇ ಅದರ ಮೈಯನ್ನು ನವಿರಾಗಿ ಒರಟು ಮಾಡಿದ್ದಾರೆ, ಹಾಗಾಗಿ ಆಲ್ಮಾ ಸೂರ್ಯನನ್ನೇ ನೇರ ದಿಟ್ಟಿಸಿದರೂ ಸುಟ್ಟುಹೋಗುವುದಿಲ್ಲ. ಅದು ಹಿಡಿಯುವ ಅಲೆಗಳು ಮಿಲಿಮೀಟರ್ ಉದ್ದದವು. ಅವುಗಳ ಪಾಲಿಗೆ ಇದೇ ಮೈ ಹೊಳೆಯುವ ದರ್ಪಣ. ಬೋಗುಣಿಯ ಬಾಗಿನಲ್ಲಿ ತಲೆಗೂದಲಿನ ದಪ್ಪದಷ್ಟೂ ಲೋಪವಿಲ್ಲ. 66 ಬೋಗುಣಿಗಳು ಹಿಡಿದದ್ದನ್ನೆಲ್ಲ ಒಂದುಗೂಡಿಸಿದರೆ 16 ಕಿಲೋಮೀಟರ್ ಅಗಲದ ಒಂದೇ ಕಣ್ಣು ತೆರೆದ ಹಾಗೆ. ನನ್ನ ಕೈಯಲ್ಲಿದ್ದ ಲೆನ್ಸಿನ ಗಾಜು ಅಂಗೈಗಿಂತ ಚಿಕ್ಕದು!

ಇಷ್ಟು ಎತ್ತರಕ್ಕೆ, ಇಷ್ಟು ಕಷ್ಟಪಟ್ಟು ಯಾಕೆ ಹೋದರು? ಉತ್ತರ ನನ್ನ ಒಣ ಲೆನ್ಸಿನಲ್ಲಿದೆ. ಗಾಳಿಯ ನೀರಾವಿ ಮಿಲಿಮೀಟರ್ ಅಲೆಗಳನ್ನು ಹೀರಿಬಿಡುತ್ತದೆ. ನಮ್ಮ ಗೌರಿಬಿದನೂರಿನ ಬಯಲಲ್ಲಿ ರೇಡಿಯೊ ದೂರದರ್ಶಕದ ತಂತಿಗಳ ಸಾಲು ಹಿಡಿದ ಅಲೆಗಳು ಒಂಬತ್ತು ಮೀಟರಿನಷ್ಟು ಉದ್ದ, ಅವಕ್ಕೆ ಮೋಡ ಮಳೆಯ ಪರಿವೆಯಿಲ್ಲ. ಮಿಲಿಮೀಟರ್ ಅಲೆಗಳಿಗೆ ಒಂದು ಹನಿಯೂ ಅಡ್ಡಗೋಡೆ. ಅಟಕಾಮಾದಲ್ಲಿ ಪೂರ್ವದಿಂದ ಬರುವ ಅಮೆಜಾನ್ ತೇವವನ್ನು ಆಂಡೀಸ್ ಪರ್ವತ ತಡೆಯುತ್ತದೆ, ಪಶ್ಚಿಮದಲ್ಲಿ ತಣ್ಣನೆಯ ಹಂಬೋಲ್ಟ್ ಪ್ರವಾಹ ಮಳೆಮೋಡ ಏಳಲು ಬಿಡುವುದಿಲ್ಲ. ಚಾನಂತೋರ್‌ನ ಒಳ್ಳೆಯ ರಾತ್ರಿಗಳಲ್ಲಿ ನೆತ್ತಿಯ ಮೇಲಿನ ಇಡೀ ಆಕಾಶದ ನೀರಾವಿಯನ್ನು ಹಿಂಡಿದರೂ ಒಂದು ಮಿಲಿಮೀಟರ್ ದಪ್ಪದ ನೀರು ಸಿಗುವುದಿಲ್ಲ.

ಅಂದರೆ ಕಳ್ಳಿಯ ಎಲೆಯನ್ನು ಮುಳ್ಳಾಗಿಸಿದ ಒಣಹವೆಯೇ ಬೋಗುಣಿಗಳನ್ನು ಇಲ್ಲಿಗೆ ಕರೆದಿದೆ! ಒಂದು ಹನಿಹನಿಯನ್ನು ಕೂಡಿಡುತ್ತದೆ, ಇನ್ನೊಂದು ಹನಿಹನಿಯಿಂದ ದೂರ ಓಡಿ ಬಂದಿದೆ. ಇಬ್ಬರಿಗೂ ಬೀಡು ಒಂದೇ ಬೆಟ್ಟ.

ಮತ್ತೆ ಕ್ಯಾಮೆರಾ ಬಳಿಗೆ ಬರುತ್ತೇನೆ. ಕಳ್ಳಿಯ ತುದಿಯ ಮೇಲೆ ಆಕಾಶಗಂಗೆ ಉಕ್ಕಿ ಹರಿಯುತ್ತಿದೆ. ನಮ್ಮೂರಲ್ಲಿ ದಕ್ಷಿಣದ ಅಂಚಿನಲ್ಲಿ ಇಣುಕಿ ಮರೆಯಾಗುವ ತ್ರಿಶಂಕು ಇಲ್ಲಿ ಗಂಟೆಗಟ್ಟಲೆ ಆಕಾಶ ಬಿಟ್ಟು ಕದಲುವುದಿಲ್ಲ. ಆ ಬೆಳ್ಳನೆಯ ಹೊಳೆಯ ನಡುವೆ ಕಪ್ಪು ಕಲೆಗಳಿವೆ. ಇಲ್ಲಿನ ಮೂಲನಿವಾಸಿ ಲಿಕನಂತಾಯ್ ಜನರು ನಕ್ಷತ್ರಗಳನ್ನು ಗೆರೆ ಎಳೆದು ಸೇರಿಸುವುದಷ್ಟಕ್ಕೇ ನಿಲ್ಲಲಿಲ್ಲ, ನಡುವಿನ ಕತ್ತಲೆಯಲ್ಲೂ ರೂಪ ಕಂಡರು. ಉದ್ದ ಕತ್ತಿನ ಕಪ್ಪು ಲಾಮಾ ಅದು. ಆಲ್ಫಾ ಮತ್ತು ಬೀಟಾ ಸೆಂಟಾರಿ ಅದರ ಕಣ್ಣುಗಳು. ಒಮ್ಮೆ ಕಂಡಿತೆಂದರೆ ಮತ್ತೆ ಕಾಣದಂತೆ ಮಾಡಿಕೊಳ್ಳಲು ಸಾಧ್ಯವೇ ಇಲ್ಲ!

ಆ ಕಪ್ಪು ಖಾಲಿ ಜಾಗವಲ್ಲ. ಹಿಂದಿನ ನಕ್ಷತ್ರಗಳನ್ನು ಮರೆಮಾಡಿ ಕೂತ ತಣ್ಣನೆಯ ಅನಿಲ, ದೂಳು. ಹೊಸ ನಕ್ಷತ್ರಗಳು ಹುಟ್ಟುವುದು ಅಂಥ ಬಸಿರಿನಲ್ಲೇ. ನನ್ನ ಕ್ಯಾಮೆರಾಕ್ಕೆ ಕತ್ತಲೆಯಾದದ್ದು ಮಿಲಿಮೀಟರ್ ಅಲೆಗಳಲ್ಲಿ ಬೆಳಗುತ್ತದೆ. ರೋಹಿಣಿ ನಕ್ಷತ್ರದ ಪಕ್ಕದಲ್ಲೇ ಕಾಣುವ ದಿಕ್ಕಿನಲ್ಲಿ, ಅದಕ್ಕಿಂತ ಎಷ್ಟೋ ಆಚೆ, ಸುಮಾರು 450 ಜ್ಯೋತಿರ್ವರ್ಷ ದೂರದಲ್ಲಿ ಎಚ್‌ಎಲ್ ಟೌರಿ ಎಂಬ ಎಳೆಯ ನಕ್ಷತ್ರವಿದೆ. 2014ರಲ್ಲಿ ಆಲ್ಮಾ ಅದರ ಚಿತ್ರ ತೆಗೆಯಿತು. ನಕ್ಷತ್ರದ ಸುತ್ತ ದೂಳಿನ ತಟ್ಟೆ, ತಟ್ಟೆಯಲ್ಲಿ ಗ್ರಾಮಫೋನ್ ರೆಕಾರ್ಡಿನಂತೆ ಉಂಗುರಗಳು, ಉಂಗುರಗಳ ನಡುವೆ ಗೀರುಗಳು! ಗ್ರಹಗಳು ರೂಪುಗೊಳ್ಳುವ ಹೆಜ್ಜೆಗುರುತು ಅವೆಂದು ವಿಜ್ಞಾನಿಗಳು ಓದಿದರು. ಆ ಅಲೆಗಳು ಅಲ್ಲಿಂದ ಹೊರಟಾಗ ನನ್ನೆದುರಿನ ಕಾರ್ದೋನ್ ಇನ್ನೂ ಬೀಜವಾಗಿತ್ತೇನೋ. 2019ರ ಏಪ್ರಿಲ್‌ನಲ್ಲಿ ಜಗತ್ತು ಮೊದಲ ಬಾರಿ ಕಂಡ ಕಪ್ಪುಕುಳಿಯ ಚಿತ್ರಕ್ಕೂ ಆಲ್ಮಾ ಕಣ್ಣು ಕೊಟ್ಟಿತ್ತು. ಆ ಕುಳಿಯ ದೂರ ಸುಮಾರು ಐದೂವರೆ ಕೋಟಿ ಜ್ಯೋತಿರ್ವರ್ಷ. ಅಷ್ಟು ಕಾಲ ಬೆಳೆಯುತ್ತಲೇ ಇರುವ ಕಳ್ಳಿಯೊಂದಿದ್ದರೆ 550 ಕಿಲೋಮೀಟರ್ ಎತ್ತರವಾಗಿರುತ್ತಿತ್ತು, ಹೆಚ್ಚುಕಡಿಮೆ ಬೆಂಗಳೂರಿನಿಂದ ಹೈದರಾಬಾದಿನಷ್ಟು!

ಇನ್ನೊಂದು ಗೇಣುಲೆಕ್ಕ ನನ್ನನ್ನು ಬೆಚ್ಚಿಬೀಳಿಸಿತು. 1890ರ ದಶಕದ ನಡುವಿನಲ್ಲಿ ಕೋಲ್ಕತ್ತಾದಲ್ಲಿ ಜಗದೀಶಚಂದ್ರ ಬೋಸರು ಮಿಲಿಮೀಟರ್ ಅಲೆಗಳನ್ನು ಹುಟ್ಟಿಸಿ, ಹಿಡಿದು, ಅಳೆದು ತೋರಿಸಿದರು. ಮುಂದೆ ಅದೇ ಬೋಸರು ಗಿಡದ ಕಣ್ಣಿಗೆ ಕಾಣದ ಬೆಳವಣಿಗೆಯನ್ನು ಅಳೆಯುವ ಕ್ರೆಸ್ಕೊಗ್ರಾಫ್ ಎಂಬ ಯಂತ್ರ ಕಟ್ಟಿದರು. ಅಲೆ ಮತ್ತು ಗಿಡ, ಎರಡನ್ನೂ ಒಬ್ಬರೇ ಪ್ರೀತಿಸಿದರು! ಅವರ ಆ ಮೊದಲ ಅಲೆಗಳಿಂದ ಇವತ್ತಿನವರೆಗೆ ಈ ಕಳ್ಳಿ ಬೆಳೆದಿರುವುದು ಸುಮಾರು 130 ಸೆಂಟಿಮೀಟರ್. ನನ್ನ ಎದೆಯೆತ್ತರ.

ಕೊನೆಯ ಚಿತ್ರ. 14 ಎಂಎಂ ಲೆನ್ಸ್, 20 ಸೆಕೆಂಡ್. ಗಾಜಿಗೆ ಬೇಡವಾದ ಕರವಸ್ತ್ರವನ್ನು ಟಾರ್ಚಿಗೆ ಸುತ್ತಿ ಕಳ್ಳಿಯ ಮೈಮೇಲೆ ಒಂದು ಸಲ, ಮೆಲ್ಲಗೆ, ಬೆಳಕು ಸವರಿದೆ. ಶಟರ್ ತೆರೆದಿದ್ದ ಆ ಇಪ್ಪತ್ತು ಸೆಕೆಂಡು ಕಳ್ಳಿಯೂ ತೆರೆದಿತ್ತು. ಹಗಲೆಲ್ಲ ಮುಚ್ಚಿಟ್ಟುಕೊಂಡ ಸೂಕ್ಷ್ಮ ರಂಧ್ರಗಳನ್ನು ಅದು ತೆರೆಯುವುದೇ ರಾತ್ರಿಯ ತಂಪಿನಲ್ಲಿ, ನೀರು ಹೆಚ್ಚು ಕಳೆಯದೆ ಗಾಳಿ ಒಳಗೆಳೆದುಕೊಳ್ಳಲು. ಪರದೆಯ ಮೇಲೆ ಚಿತ್ರ ಮೂಡಿತು. ಚಿನ್ನದ ಮುಳ್ಳು, ಅದರ ಮೇಲೆ ಕಪ್ಪು ಲಾಮಾ. ಎರಡು ಸಾವಿರ ಮೀಟರ್ ಮೇಲೆ ಬೋಗುಣಿಗಳು ಅಂಥದೇ ಕತ್ತಲೆಯೊಂದಕ್ಕೆ ಮುಖ ಮಾಡಿ ನಿಂತಿದ್ದವು.

ವರ್ಷಕ್ಕೊಮ್ಮೆ ಲೆಕ್ಕ ತಿರುಗುತ್ತದೆ. ಇಲ್ಲಿನ ಬೇಸಿಗೆಯ ನಡುವೆ ಪೂರ್ವದ ತೇವ ಆಂಡೀಸ್ ದಾಟಿ ಬಂದು ಮೋಡ ಕಟ್ಟುತ್ತದೆ. ಫೆಬ್ರವರಿಯಲ್ಲಿ ಆಲ್ಮಾ ವೀಕ್ಷಣೆ ನಿಲ್ಲಿಸಿ ದುರಸ್ತಿಗೆ ಕೂರುತ್ತದೆ. ಆಕಾಶ ಮಸುಕಾಗುವ ಆ ದಿನಗಳಿಗಾಗಿಯೇ ಕಳ್ಳಿ ಇಡೀ ವರ್ಷ ಕಾದಿರುತ್ತದೆ.

ಬೆಳಕು ಹರಿಯುವ ಮುನ್ನ ಟ್ರೈಪಾಡ್ ಮಡಚಿ ಇನ್ನೊಮ್ಮೆ ಅದರ ಬಳಿಗೆ ಹೋದೆ. ಮುಳ್ಳು ತಪ್ಪಿಸಿ ನೆರಿಗೆಯೊಳಗೆ ಬೆರಳಿಟ್ಟೆ. ಎರಡನೇ ಗೆಣ್ಣಿನವರೆಗೆ ಇಳಿಯಿತು. ಮಳೆ ಕಳೆದ ಮೇಲೆ ಬಂದು ಮುಟ್ಟುವವರ ಬೆರಳು ಇಷ್ಟು ಆಳಕ್ಕೆ ಇಳಿಯಲಾರದು.