ದೂರಶಿಕ್ಷಣದಲ್ಲಿ ಕಾಲ ಮತ್ತು ಸ್ಥಳ

ಗುರುಶಿಷ್ಯರು ಒಂದೆಡೆ ಕೂಡದೆ ನಡೆಯುವ ವ್ಯಾಸಂಗವು ೨೦೨೦ರಲ್ಲಿ ಹುಟ್ಟಿದುದಲ್ಲ. ಲಂಡನ್ ವಿಶ್ವವಿದ್ಯಾನಿಲಯವು ೧೮೫೮ರಲ್ಲಿಯೇ, ಕಾಲೇಜಿನಲ್ಲಿ ಹಾಜರಿಲ್ಲದವರಿಗೂ ತನ್ನ ಪದವಿ ಪರೀಕ್ಷೆಗಳನ್ನು ತೆರೆದಿತ್ತು. ನಮ್ಮ ದೇಶದಲ್ಲಿ ದೆಹಲಿ ವಿಶ್ವವಿದ್ಯಾನಿಲಯವು ೧೯೬೨ರಲ್ಲಿ ಅಂಚೆಯ ಮೂಲಕ ಪಾಠ ಕಳುಹುವ ಕ್ರಮವನ್ನು ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯವು ೧೯೬೯ರಲ್ಲಿ ಇದೇ ಉದ್ದೇಶದಿಂದ ಒಂದು ಸಂಸ್ಥೆಯನ್ನು ಸ್ಥಾಪಿಸಿತು. ೧೯೯೬ರಲ್ಲಿ ಅದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ರೂಪುಗೊಂಡಿತು. ಹೀಗಿರುವಲ್ಲಿ, ೨೦೨೦ರ ವಿದ್ಯಾರ್ಥಿಗಳ ಅನುಭವದಲ್ಲಿ ಹೊಸತೇನೆಂಬುದು ವಿಚಾರಾರ್ಹವಾಗಿದೆ.

ಅಂಚೆಯ ಪಾಠವು ವಿದ್ಯಾರ್ಥಿಯನ್ನು ಸ್ಥಳ ಹಾಗೂ ಕಾಲಗಳೆರಡರ ಕಟ್ಟಿನಿಂದಲೂ ಬಿಡಿಸುತ್ತಿತ್ತು. ಹಗಲೆಲ್ಲ ದುಡಿದ ಗುಮಾಸ್ತನಾಗಲಿ, ಮನೆವಾರ್ತೆ ಮುಗಿಸಿದ ಗೃಹಿಣಿಯಾಗಲಿ ತನಗೆ ಬಿಡುವಾದಾಗ ಅದನ್ನು ಓದಬಹುದಾಗಿತ್ತು. ತಿಳಿಯದ ಭಾಗವನ್ನು ಮತ್ತೆ ಓದಬಹುದಾಗಿತ್ತು. ೨೦೨೦ರ ಮಾರ್ಚಿಯಲ್ಲಿ ಕಾಲೇಜುಗಳು ಮುಚ್ಚಿದ ಮೇಲೆ ಬಂದ ಆನ್‌ಲೈನ್ ತರಗತಿಯಾದರೋ ಸ್ಥಳವನ್ನು ಮಾತ್ರ ಸಡಿಲಿಸಿತು. ಕಾಲದ ಕಟ್ಟು ಹಾಗೆಯೇ ಉಳಿಯಿತು; ಕೊಠಡಿ, ವಿದ್ಯುತ್ತು, ನಿಶ್ಶಬ್ದತೆ ಇವುಗಳನ್ನು ಒದಗಿಸುವ ಹೊಣೆಯು ಕಾಲೇಜಿನಿಂದ ವಿದ್ಯಾರ್ಥಿಯ ಮನೆಗೆ ವರ್ಗವಾಯಿತು. ೨೦೧೭-೧೮ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ ಇಂಟರ್ನೆಟ್ ಸೌಲಭ್ಯವಿದ್ದ ಕುಟುಂಬಗಳು ನಗರಗಳಲ್ಲಿ ಶೇಕಡ ೪೨, ಗ್ರಾಮಗಳಲ್ಲಿ ಶೇಕಡ ೧೪.೯ ಮಾತ್ರ. ಗ್ರಾಮದ ಕುಟುಂಬಗಳಲ್ಲಿ ಕಂಪ್ಯೂಟರ್ ಇದ್ದವು ಶೇಕಡ ೪.೪. ಆದುದರಿಂದ ನೆಟ್‌ವರ್ಕ್ ದೊರೆಯದೆ ತರಗತಿಗೆ ತಪ್ಪಿದವನನ್ನು ಉದಾಸೀನನೆಂದು ಎಣಿಸುವುದು ನ್ಯಾಯವಲ್ಲ. ಹಾಗೆಯೇ ಪರದೆಯ ಮೇಲೆ ಹೆಸರು ಕಂಡ ಮಾತ್ರಕ್ಕೆ ವಿದ್ಯಾರ್ಥಿಯು ಕಲಿಯುತ್ತಿದ್ದನೆಂದು ಹೇಳಲೂ ಬಾರದು.

ಈ ವ್ಯತ್ಯಾಸವು ಮಿಶ್ರ ಶಿಕ್ಷಣದ ವಿಚಾರಕ್ಕೂ ಸಲ್ಲುತ್ತದೆ. ಒಂದು ಸೆಮಿಸ್ಟರಿನ ಪಾಠಗಳಲ್ಲಿ ಶೇಕಡ ೪೦ರವರೆಗೆ 'ಸ್ವಯಂ' ವೇದಿಕೆಯ ಮೂಲಕ ಕಲಿಯಲು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೨೧ರಲ್ಲಿ ಅವಕಾಶವಿತ್ತಿತು. ಅಲ್ಲಿನ ಮುದ್ರಿತ ಉಪನ್ಯಾಸಗಳನ್ನು ಬಿಡುವಾದಾಗ ನೋಡಬಹುದು. ಈ ದೃಷ್ಟಿಯಿಂದ ಅವು ಹಳೆಯ ಅಂಚೆಯ ಪಾಠಕ್ಕೆ ಹತ್ತಿರವಾದುವು. ಆ ಪಾಠದೊಡನೆ ಮುಖಾಮುಖಿ ಸಂಪರ್ಕ ತರಗತಿಗಳೂ ನಡೆಯುತ್ತಿದ್ದುವೆಂಬುದನ್ನು ಇಲ್ಲಿ ಸ್ಮರಿಸಬೇಕು. ಒಂಟಿಯಾಗಿ ಓದಬಹುದಾದುದನ್ನು ವಿದ್ಯಾರ್ಥಿಯ ಬಿಡುವಿಗೆ ಬಿಟ್ಟು, ಪ್ರಶ್ನೆ, ಚರ್ಚೆ, ಆಕರಗಳ ಪರಿಶೀಲನೆ ಇವುಗಳಿಗಾಗಿ ಒಂದೆಡೆ ಕೂಡುವುದೇ ಆ ಏರ್ಪಾಡಿನ ತಿರುಳು.

ಆದಕಾರಣ ಯಾವುದೇ ಹೊಸ ಏರ್ಪಾಡನ್ನು ಅಳೆಯುವಾಗ, ಅದು ವಿದ್ಯಾರ್ಥಿಗೆ ಸ್ಥಳದ ಬಿಡುಗಡೆಯನ್ನು ಕೊಡುತ್ತದೆಯೇ, ಕಾಲದ ಬಿಡುಗಡೆಯನ್ನು ಕೊಡುತ್ತದೆಯೇ, ಅದರ ವೆಚ್ಚವನ್ನು ಯಾರು ಹೊರುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿಯೇ ಕೇಳತಕ್ಕದ್ದು. ಇವನ್ನು ಒಂದಾಗಿ ಬೆರೆಸಿದಲ್ಲಿ ಅನುಕೂಲವುಳ್ಳವರ ಅನುಭವವೇ ಎಲ್ಲರ ಅನುಭವವೆಂದು ದಾಖಲೆಯಾಗುವ ಅಪಾಯವುಂಟು.